ಎರಡು ವಾರದ ಹಿಂದೆ ಹೇಗಿದ್ದರು?

ವಾರ್ಡಿಗೆ ಹೋದ ಕೂಡಲೇ ನಾನು ಮೊದಲು ಮಾತಾಡಿಸುವುದು ಹಾಸಿಗೆ ಪಕ್ಕದಲ್ಲಿ ಕೂತವರನ್ನು. "ಎರಡು ವಾರದ ಹಿಂದೆ ಇವರು ಹೇಗಿದ್ದರು? ತಾವೇ ಸ್ನಾನ ಮಾಡ್ತಿದ್ರಾ? ಮಾತ್ರೆ ನೆನಪಿಟ್ಟುಕೊಂಡು ತಗೋತಿದ್ರಾ?"

ನನ್ನ ಸಂಶೋಧನೆ ಇರುವುದು ದಿಢೀರ್ ಕಾಯಿಲೆ ಬಿದ್ದ 70 ದಾಟಿದವರ ಬಗ್ಗೆ. ಈ ವಯಸ್ಸಿನಲ್ಲಿ ಕಾಯಿಲೆ ತನ್ನ ಮುಖ ತೋರಿಸುವುದೇ ಬೇರೆ ಥರ. ನ್ಯುಮೋನಿಯಾ ಇರುತ್ತದೆ, ಜ್ವರ ಇರುವುದಿಲ್ಲ. ಬಿದ್ದುಬಿಟ್ಟರು ಅಂತ ಕರೆತಂದಿರುತ್ತಾರೆ, ನೋಡಿದರೆ ಎಲ್ಲೋ ಸೋಂಕು. ಎಷ್ಟೋ ಸಲ ಮೊದಲು ಕೆಡುವುದು ಗಮನ. ಇದನ್ನು ಡಿಲೀರಿಯಂ ಅನ್ನುತ್ತೇವೆ. ಗಂಟೆಗಳಲ್ಲಿ, ಇಲ್ಲವೇ ಒಂದೆರಡು ದಿನದಲ್ಲಿ ಶುರುವಾಗುತ್ತದೆ. ಬೆಳಿಗ್ಗೆ ಸರಿ ಇದ್ದವರು ಸಂಜೆಗೆ ಬೇರೆಯೇ ಆಗಿರುತ್ತಾರೆ.

ಕೂಗಾಡುವವರು, ಸೂಜಿ ಕಿತ್ತುಹಾಕುವವರು ಎಲ್ಲರ ಕಣ್ಣಿಗೂ ಬೀಳುತ್ತಾರೆ. ನನಗೆ ಭಯ ಸುಮ್ನೆ ಮಲಗಿರುವವರ ಬಗ್ಗೆ. ಒಬ್ಬ ಹಿರಿಯರ ಚಾರ್ಟಿನಲ್ಲಿ "ಶಾಂತವಾಗಿದ್ದಾರೆ, ತೊಂದರೆ ಇಲ್ಲ" ಅಂತ ಎರಡು ದಿನ ಬರೆದಿತ್ತು. ಮಗಳು ನನ್ನ ಹತ್ತಿರ ಬಂದು, "ನಮ್ಮಪ್ಪ ಇಷ್ಟು ಸುಮ್ನೆ ಇರೋರೇ ಅಲ್ಲ ಮೇಡಂ" ಅಂದರು. ಗಮನ ಹೇಗಿದೆ ಅಂತ ನೋಡಲು ತಿಂಗಳುಗಳನ್ನು ಹಿಂದಿನಿಂದ ಹೇಳಲು ಕೇಳಿದೆ. ಡಿಸೆಂಬರ್, ನವೆಂಬರ್ ಅಂದರು. ಆಮೇಲೆ ಮತ್ತೆ ನವೆಂಬರ್. ಕಣ್ಣು ಕಿಟಕಿ ಕಡೆ ಹೋಯಿತು, ನಾನು ಪ್ರಶ್ನೆ ಕೇಳಿದ್ದೇ ಮರೆತುಹೋಯಿತು. ಆ ಚಾರ್ಟು ತುಂಬಿದವರು ಯಾರೂ ಸುಳ್ಳು ಬರೆದಿರಲಿಲ್ಲ. ಆ ಹಿರಿಯರು ಮೊದಲು ಹೇಗಿದ್ದರು ಅಂತ ಯಾರಿಗೂ ಗೊತ್ತಿರಲಿಲ್ಲ, ಅಷ್ಟೇ.

"ವಯಸ್ಸಾಯ್ತಲ್ಲ, ಅರಳು ಮರಳು" ಅನ್ನುವ ಮಾತು ಕೇಳಿದರೆ ನನಗೆ ಸಂಕಟ ಆಗುತ್ತದೆ. ಮರೆವಿನ ಕಾಯಿಲೆ ತಿಂಗಳು, ವರ್ಷಗಳಲ್ಲಿ ಬರುವಂಥದ್ದು. ನಿನ್ನೆ ಇಲ್ಲದ್ದು ಇವತ್ತು ಬಂದರೆ ಅದಕ್ಕೆ ಬೇರೆ ಕಾರಣ ಇರುತ್ತದೆ: ಸೋಂಕು, ನೀರಿನಂಶ ಕಮ್ಮಿ ಆಗಿರುವುದು, ಕಟ್ಟಿಕೊಂಡ ಮೂತ್ರ, ಹೊಸ ನಿದ್ದೆ ಮಾತ್ರೆ.

1999ರಲ್ಲಿ ಅಮೆರಿಕದ ವೃದ್ಧರೋಗ ತಜ್ಞೆ ಶಾರನ್ ಇನೊಯೆ ಮತ್ತು ಅವರ ತಂಡ ಪ್ರಕಟಿಸಿದ ಅಧ್ಯಯನವನ್ನು ನಾನು ಹೊಸಬರಿಗೆಲ್ಲ ಓದಿಸುತ್ತೇನೆ. 70 ದಾಟಿದ 852 ರೋಗಿಗಳು. ಅರ್ಧ ಜನಕ್ಕೆ ಮಾಮೂಲಿ ಆರೈಕೆ. ಉಳಿದವರಿಗೆ ಅದರ ಜೊತೆಗೆ ಕನ್ನಡಕ ಕೊಡುವುದು, ಕಿವಿ ಕೇಳುವಂತೆ ನೋಡಿಕೊಳ್ಳುವುದು, ನಡೆಸುವುದು, ನೀರು ಕುಡಿಸುವುದು, ರಾತ್ರಿ ಸದ್ದು ಕಮ್ಮಿ ಮಾಡುವುದು, ಇವತ್ತು ಯಾವ ದಿನ ಅಂತ ಹೇಳುತ್ತಾ ಮಾತಾಡಿಸುವುದು. ಮಾಮೂಲಿ ಆರೈಕೆಯಲ್ಲಿ ನೂರಕ್ಕೆ 15 ಜನಕ್ಕೆ ಡಿಲೀರಿಯಂ ಬಂತು, ಇವರಲ್ಲಿ 9.9. ಆದರೆ ಒಮ್ಮೆ ಬಂದವರಲ್ಲಿ ಅದರ ತೀವ್ರತೆ ಕಮ್ಮಿ ಆಗಲಿಲ್ಲ. ಅಂದರೆ ನಮಗೆ ಅವಕಾಶ ಇರುವುದು ಬರುವ ಮುಂಚೆ.

ಇದೇ ವಿಷಯದಲ್ಲಿ ನಾನೊಂದು ತಪ್ಪು ಮಾಡಿದ್ದೇನೆ. ಶುರುವಿನ ವರ್ಷ, ಒಬ್ಬ ಅಜ್ಜಿ ನನ್ನ ಯಾವ ಪ್ರಶ್ನೆಗೂ ಸರಿಯಾಗಿ ಉತ್ತರಿಸಲಿಲ್ಲ. ಡಿಲೀರಿಯಂ ಇದೆ ಅಂತ ಬರೆದುಕೊಂಡೆ. ಮರುದಿನ ನರ್ಸ್ ಒಬ್ಬರು ಪಕ್ಕದ ಡ್ರಾಯರ್ ಎಳೆದು, ಕರವಸ್ತ್ರದಲ್ಲಿ ಸುತ್ತಿಟ್ಟಿದ್ದ ಶ್ರವಣ ಸಾಧನ ತೆಗೆದು ಕಿವಿಗೆ ಹಾಕಿದರು. ಅಜ್ಜಿ ಡಿಸೆಂಬರ್‌ನಿಂದ ಜನವರಿವರೆಗೆ ಎಲ್ಲೂ ತಡವರಿಸದೆ ಹೇಳಿದರು. ನನಗೆ ಬಹಳ ನಾಚಿಕೆಯಾಯಿತು. ಆವತ್ತಿನಿಂದ ಪರೀಕ್ಷೆಗೆ ಮೊದಲು ಡ್ರಾಯರ್ ನೋಡುತ್ತೇನೆ.

ನಡೆಸುವುದರ ಬಗ್ಗೆಯೂ ಒಂದು ಮಾತು. ಆರೋಗ್ಯವಾಗಿದ್ದ ಹಿರಿಯರನ್ನೇ 10 ದಿನ ಹಾಸಿಗೆಯಲ್ಲಿ ಇರಿಸಿದ ಅಧ್ಯಯನವೊಂದು 2007ರಲ್ಲಿ ಬಂತು. ಅವರ ಕಾಲುಗಳಿಂದ ಸುಮಾರು ಒಂದು ಕಿಲೋದಷ್ಟು, ಹೆಚ್ಚಾಗಿ ಸ್ನಾಯುವೇ, ಕರಗಿತ್ತು. ಕಾಯಿಲೆ ಇದ್ದವರ ಗತಿ ಏನು ಅಲ್ವಾ? ಬಿದ್ದಾರು ಅನ್ನುವ ಭಯಕ್ಕೆ ನಾವು ಮಲಗಿಸಿಯೇ ಇಡುತ್ತೇವೆ, ಆಮೇಲೆ ಎದ್ದು ನಿಲ್ಲಲು ಆಗುವುದಿಲ್ಲ.

ಚಾರ್ಟಿನಲ್ಲಿ "ಶಾಂತವಾಗಿದ್ದಾರೆ" ಅಂತ ಬರೆದಿದ್ದ ಆ ಹಿರಿಯರಿಗೆ ಮೂತ್ರ ಕಟ್ಟಿಕೊಂಡಿತ್ತು. ಅದಕ್ಕೆ ಚಿಕಿತ್ಸೆ ಆಯಿತು, ನಿದ್ದೆ ಮಾತ್ರೆ ನಿಂತಿತು. ನಾಲ್ಕನೇ ದಿನ ಹೋದಾಗ ತಿಂಗಳುಗಳನ್ನು ಹೇಳುತ್ತಾ ಜೂನ್‌ವರೆಗೆ ಬಂದು ನಿಂತರು. ಮುಂದಿನದು ನೆನಪಾಗುತ್ತಿಲ್ಲವೇನೋ ಅಂದುಕೊಂಡೆ. "ದಿನಾ ಇದನ್ನೇ ಕೇಳ್ತೀಯಲ್ಲಮ್ಮ, ಬೇರೆ ಏನೂ ಇಲ್ವಾ?" ಅಂದರು. ಮಗಳು ಜೋರಾಗಿ ನಕ್ಕುಬಿಟ್ಟರು. "ಇವ್ರೇ ನಮ್ಮಪ್ಪ" ಅಂದರು.