ಬೇಕೆಂದೇ ತಪ್ಪು ಉತ್ತರ ಒತ್ತುವ ಪರೀಕ್ಷೆ

ಮಗಳಿಗೆ ನಾಲ್ಕು ತುಂಬಿದ ಮೇಲೆ ಮನೆಯ ಹಳೆಯ ಟ್ಯಾಬೊಂದನ್ನು ಅವಳ ಪಾಲಿಗೆ ಬಿಟ್ಟುಕೊಟ್ಟೆವು. ಅದರೊಳಗೆ ಏನಿರಬೇಕು, ಏನಿರಬಾರದು ಎಂದು ತೀರ್ಮಾನಿಸುವ ಹೊಣೆ ನನ್ನ ಮೇಲೆ ಬಿತ್ತು. ಅಂದಿನಿಂದ ಹತ್ತಿಪ್ಪತ್ತು ಕಲಿಕೆಯ ಆ್ಯಪ್‌ಗಳನ್ನು ಹಾಕಿ, ಬಹುಪಾಲನ್ನು ತೆಗೆದಿದ್ದೇನೆ. ಐದು ನಕ್ಷತ್ರಗಳ ವಿಮರ್ಶೆಗಳನ್ನು ನಂಬಿ ಮೋಸಹೋದ ಬಳಿಕ ನನ್ನದೇ ಒಂದು ಪರೀಕ್ಷೆಯನ್ನು ರೂಢಿಸಿಕೊಂಡೆ: ಅವಳು ಮಲಗಿದ ಮೇಲೆ ನಾನೊಬ್ಬಳೇ ಕುಳಿತು, ಬೇಕೆಂದೇ ತಪ್ಪು ಉತ್ತರಗಳನ್ನು ಒತ್ತುತ್ತಾ ಹೋಗುವುದು.

ಮೂರು ಮಾವಿನಹಣ್ಣು ತೋರಿಸಿ ಎಷ್ಟಿವೆ ಎಂದು ಕೇಳಿದರೆ ಐದನ್ನು ಒತ್ತುತ್ತೇನೆ. ಹೆಚ್ಚಿನವು ಒಂದು ಕರ್ಕಶ ಸದ್ದು ಮಾಡಿ ಸುಮ್ಮನಾಗುತ್ತವೆ. ಉಳಿದ ಅಂಕಿಗಳನ್ನು ಒಂದೊಂದಾಗಿ ಒತ್ತುತ್ತಾ ಹೋದರೆ ಕೊನೆಗೊಮ್ಮೆ ಪಟಾಕಿ ಸಿಡಿದು, ಚಪ್ಪಾಳೆ ಕೇಳಿಸಿ, ನಕ್ಷತ್ರಗಳು ಉದುರುತ್ತವೆ. ಎಣಿಸಿದ ಮಗುವಿಗೂ ಎಣಿಸದ ಮಗುವಿಗೂ ಅಲ್ಲಿ ಒಂದೇ ಬಹುಮಾನ. ಎಲ್ಲವನ್ನೂ ಒತ್ತಿದರೆ ಸಾಕು ಎಂಬುದನ್ನು ನನ್ನ ಮಗಳು ಎರಡೇ ದಿನದಲ್ಲಿ ಕಂಡುಕೊಂಡಿದ್ದಳು. ಒಳ್ಳೆಯ ಆ್ಯಪ್ ಹಾಗೆ ಮಾಡುವುದಿಲ್ಲ: ತಪ್ಪಿದಾಗ ಹಣ್ಣುಗಳನ್ನು ಒಂದೊಂದಾಗಿ ಬೆಳಗಿಸಿ ಮಗುವಿನ ಜೊತೆ ತಾನೂ ಎಣಿಸುತ್ತದೆ, ಮತ್ತೆ ತಪ್ಪಿದರೆ ಇನ್ನಷ್ಟು ಸುಲಭವಾದ ಪ್ರಶ್ನೆಗೆ ಇಳಿಯುತ್ತದೆ. ಮನೋವಿಜ್ಞಾನಿ ಕ್ಯಾಥಿ ಹರ್ಶ್-ಪಾಸೆಕ್ ಮತ್ತು ಸಂಗಡಿಗರು 2015ರ ಪ್ರಬಂಧವೊಂದರಲ್ಲಿ ಇಂಥ ಆ್ಯಪ್‌ಗಳನ್ನು ಅಳೆಯಲು ನಾಲ್ಕು ಮಾನದಂಡಗಳನ್ನು ಕೊಟ್ಟಿದ್ದಾರೆ: ಮಗುವಿನ ಬೆರಳಷ್ಟೇ ಅಲ್ಲದೆ ಬುದ್ಧಿಯೂ ಕೆಲಸ ಮಾಡಬೇಕು, ಗಮನ ಕಲಿಯುವ ವಿಷಯದಲ್ಲೇ ನಿಲ್ಲಬೇಕು, ಕಲಿತದ್ದು ಅದರ ಬದುಕಿಗೆ ಅರ್ಥವುಳ್ಳದ್ದಾಗಿರಬೇಕು, ಮತ್ತೊಬ್ಬರೊಡನೆ ಒಡನಾಟಕ್ಕೆ ಆಸ್ಪದವಿರಬೇಕು. ಪಟಾಕಿಯ ಆ್ಯಪ್‌ಗಳು ಮೊದಲ ಎರಡರಲ್ಲೇ ಮುಗ್ಗರಿಸುತ್ತವೆ.

ಕನ್ನಡ ಅಕ್ಷರ ಕಲಿಸುವ ಆ್ಯಪ್‌ಗಳಲ್ಲಿ ನಿರಾಸೆ ಇನ್ನೂ ಹೆಚ್ಚು. ಬೇರೆ ಭಾಷೆಗೆಂದು ಮಾಡಿದ ಅಚ್ಚಿನಲ್ಲಿ ನಮ್ಮ ಅಕ್ಷರಗಳನ್ನು ತುಂಬಿರುವುದು ಹಲವೆಡೆ ಎದ್ದು ಕಾಣುತ್ತದೆ. ಹ್ರಸ್ವ ಎ, ಒ ಇಲ್ಲದ ಹಿಂದಿಯ ವರ್ಣಮಾಲೆಯಿಂದ ಹುಟ್ಟಿದವುಗಳಲ್ಲಿ ‘ಎಲೆ’ಯ ಎಕಾರಕ್ಕೂ ‘ಏಣಿ’ಯ ಏಕಾರಕ್ಕೂ ಒಂದೇ ಉಚ್ಚಾರಣೆ. ಒಂದು ಆ್ಯಪ್‌ನಲ್ಲಿ ಬಳೆಯ ಚಿತ್ರ ಮೂಡಿದಾಗ ಯಂತ್ರದ ದನಿ ಸ್ಪಷ್ಟವಾಗಿ ‘ಬಲೆ’ ಎಂದಿತು. ಳಕಾರವನ್ನು ಈಗಷ್ಟೇ ನಾಲಿಗೆಗೆ ಒಗ್ಗಿಸಿಕೊಳ್ಳುತ್ತಿರುವ ಮಗುವಿಗೆ ಇದಕ್ಕಿಂತ ಕೆಟ್ಟ ಗುರು ಸಿಗಲಾರರು. ತಿದ್ದಿ ಬರೆಯುವ ಪಾಠಗಳಲ್ಲೂ ನನ್ನ ಪರೀಕ್ಷೆ ಅದೇ. ‘ಕ’ ಅಕ್ಷರವನ್ನು ತಳದಿಂದ ಮೇಲಕ್ಕೆ, ಹಿಂದುಮುಂದಾಗಿ ಗೀಚಿದರೂ ಗೆರೆಯೊಳಗೆ ಬಣ್ಣ ತುಂಬಿತೆಂದರೆ ‘ಶಹಬ್ಬಾಸ್’ ಎನ್ನುವ ಆ್ಯಪ್ ಬರೆಯಲು ಕಲಿಸುತ್ತಿಲ್ಲ.

ಅಕ್ಷರಗಳ ಕ್ರಮವನ್ನೂ ನೋಡುತ್ತೇನೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಮೊಳೆತು ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿದ ನಲಿಕಲಿ ಪದ್ಧತಿಯಲ್ಲಿ ಮಕ್ಕಳು ಅ, ಆ, ಇ, ಈ ಎಂದು ಆರಂಭಿಸದೆ ರ, ಗ, ಸ, ದ, ಅ ಎಂಬ ಐದರಿಂದ ತೊಡಗುತ್ತಾರೆ. ಅಷ್ಟರಲ್ಲೇ ಸರ, ಅರಸ, ಅಗಸ, ಗರಗಸ ಎಂದು ಓದಲು ಬರುತ್ತದೆ. ಸರ್ಕಾರಿ ಶಾಲೆಯ ಮೇಷ್ಟ್ರುಗಳು ಕಾಗದದ ಕಾರ್ಡುಗಳಲ್ಲಿ ಸಾಧಿಸಿದ ಈ ಜಾಣ್ಮೆಯನ್ನು ನಾನು ಹಾಕಿ ನೋಡಿದ ಯಾವ ಆ್ಯಪ್‌ನಲ್ಲೂ ಕಾಣಲಿಲ್ಲ. ಎಲ್ಲವೂ 49 ಅಕ್ಷರಗಳನ್ನು ಸಾಲಾಗಿ ನಿಲ್ಲಿಸಿ, ಒಂದೊಂದಕ್ಕೊಂದು ಚಿತ್ರ ಅಂಟಿಸಿ ಕೈತೊಳೆದುಕೊಂಡಿವೆ.

ಜಾಹೀರಾತಿನ ವಿಷಯದಲ್ಲಿ ನಾನು ನಿಷ್ಠುರಿ. ಒಂದು ಕಂಡರೂ ಆ್ಯಪ್ ಹೊರಗೆ. ಐದು ವರ್ಷದೊಳಗಿನ ಮಕ್ಕಳು ಬಳಸುವ 135 ಆ್ಯಪ್‌ಗಳನ್ನು ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 95ರಷ್ಟರಲ್ಲಿ ಒಂದಲ್ಲ ಒಂದು ಬಗೆಯ ಜಾಹೀರಾತು ಕಂಡುಬಂದಿತ್ತು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಮಕ್ಕಳನ್ನೇ ಗುರಿಯಾಗಿಸುವ ಜಾಹೀರಾತನ್ನು ನಿಷೇಧಿಸುತ್ತದೆ. ಹಾಗಿದ್ದರೂ ಎಣಿಕೆ ಕಲಿಸುವ ಆ್ಯಪ್ ಮೈಕ್, ಸ್ಥಳದ ಮಾಹಿತಿ, ಸಂಪರ್ಕಗಳ ಪಟ್ಟಿಗಳಿಗೆ ಅನುಮತಿ ಕೇಳಿದರೆ ನಾನು ಕಾನೂನಿನ ಪುಟ ತಿರುವುತ್ತಾ ಕೂರುವುದಿಲ್ಲ, ಅಳಿಸಿಬಿಡುತ್ತೇನೆ.

ಈಗ ಟ್ಯಾಬ್‌ನಲ್ಲಿ ಉಳಿದಿರುವುದು ಬಹಳ ಕಡಿಮೆ. 2018ರಲ್ಲಿ ಬಂದ ಖಾನ್ ಅಕಾಡೆಮಿ ಕಿಡ್ಸ್ ಪೂರ್ತಿ ಉಚಿತ, ಜಾಹೀರಾತಿಲ್ಲ. ಇಂಗ್ಲಿಷ್‌ನಲ್ಲಿದೆ ಎಂಬುದೊಂದೇ ನನ್ನ ಕೊರಗು. ಕನ್ನಡಕ್ಕೆ ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣವಿದೆ. ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದ ಚಿತ್ರಕಥೆಗಳು ಅಲ್ಲಿ ಮುಕ್ತವಾಗಿ ಸಿಗುತ್ತವೆ. ಪಟಾಕಿಯಿಲ್ಲ, ನಕ್ಷತ್ರವಿಲ್ಲ, ಪಕ್ಕದಲ್ಲಿ ಕುಳಿತು ಓದಿ ಹೇಳಲು ದೊಡ್ಡವರೊಬ್ಬರು ಬೇಕು. ನನ್ನ ದೃಷ್ಟಿಯಲ್ಲಿ ಇದು ಕೊರತೆಯಲ್ಲ, ಹರ್ಶ್-ಪಾಸೆಕ್ ಹೇಳಿದ ನಾಲ್ಕನೆಯ ಮಾನದಂಡ ಇಲ್ಲಿ ತಾನಾಗಿಯೇ ಈಡೇರುತ್ತದೆ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ; ನಮ್ಮಲ್ಲಿ ಅದು ಅರ್ಧ ಗಂಟೆ, ಅದೂ ಊಟದ ಹೊತ್ತಿನಲ್ಲಿ ಅಲ್ಲ.

ಪಟಾಕಿಯ ಆ್ಯಪ್ ಎಲ್ಲಿ ಹೋಯಿತೆಂದು ಮಗಳು ಒಂದು ವಾರ ಕೇಳಿದಳು, ಆಮೇಲೆ ಮರೆತಳು. ನಿನ್ನೆ ಪಕ್ಕದ ಮನೆಯ ಹುಡುಗನಿಂದ ಇನ್ನೊಂದರ ಹೆಸರು ತಿಳಿದುಕೊಂಡು ಬಂದಿದ್ದಾಳೆ. ಇವತ್ತು ರಾತ್ರಿ ಅದರಲ್ಲಿ ಮಾವಿನಹಣ್ಣನ್ನು ತಪ್ಪಾಗಿ ಎಣಿಸಿ ನೋಡಬೇಕು.