ಬೆಳಗಾವಿ ಪಿಜ್ಜಾ ಹುಡುಕಾಟ: ಮಳೆಗಾಲದ ತನಕ ಎಲ್ಲಿಗೆ ಬಂತು

ಮಾರ್ಚ್

ಈ ಸಲ ಕೆಲವು ಕಟ್ಟುಪಾಡು ಹಾಕಿಕೊಂಡೇ ಹೊರಟೆ. ಎಲ್ಲಿಗೆ ಹೋದರೂ ಸಾದಾ ಮಾರ್ಗರೀಟಾನೇ ಆರ್ಡರ್. ಪನ್ನೀರ್, ಸ್ವೀಟ್ ಕಾರ್ನ್, ಕ್ಯಾಪ್ಸಿಕಂ ಎಲ್ಲ ಸುರಿದ ಮೇಲೆ ಕೆಳಗಿನ ಬೇಸ್ ಹೇಗಿದೆ ಅಂತ ಯಾರಿಗೂ ತಿಳಿಯುವುದಿಲ್ಲ. ಎಷ್ಟೋ ಅಂಗಡಿಯವರಿಗೆ ಬೇಕಾಗಿರುವುದೂ ಅದೇ. ಪಾರ್ಸಲ್ ಇಲ್ಲ, ಅಲ್ಲೇ ಕೂತು ತಿನ್ನೋದು. ರಟ್ಟಿನ ಡಬ್ಬಿಯೊಳಗೆ ಹಬೆ ಕಟ್ಟಿಕೊಂಡರೆ ಎಂಥ ಗರಿಗರಿ ಅಂಚೂ ಮೆತ್ತಗಾಗುತ್ತದೆ, ಅದಕ್ಕೆ ಅಂಗಡಿಯವರನ್ನು ಬೈಯೋದು ನ್ಯಾಯವಲ್ಲ. ಮತ್ತೆ, ಮೊದಲ ತುಂಡು ಬಾಯಿಗೆ ಹೋಗುವ ಮುಂಚೆ ತಿರುವಿ ತಳ ನೋಡಬೇಕು.

ತಳಕ್ಕೇ ಹೆಚ್ಚು ಅಂಕ. ನಾನು ಉದ್ಯಮಬಾಗದ ಫೌಂಡ್ರಿಯಲ್ಲಿ ಕೆಲಸ ಮಾಡೋನು, ದಿನವಿಡೀ ಶಾಖದ ಜೊತೆಗೇ ನನ್ನ ಜಗಳ. ಎರಕದೊಳಗೆ ಇಡುವ ಮರಳಿನ ಅಚ್ಚು ಬೇಯಿಸುವ ಕೋರ್ ಓವನ್ ನೋಡಲು ಇಟ್ಟುಕೊಂಡ ಟೆಂಪರೇಚರ್ ಗನ್ (ಮುಟ್ಟದೆ ದೂರದಿಂದಲೇ ಶಾಖ ಹೇಳುವ ಸಾಧನ) ಬ್ಯಾಗಿನಲ್ಲೇ ಇರುತ್ತದೆ. ಮಾಲೀಕರು ಒಪ್ಪಿದರೆ ಓವನ್ನಿನ ಕಲ್ಲಿಗೆ ಹಿಡಿದು ನೋಡುತ್ತೇನೆ. ಕಲ್ಲು, ಇಟ್ಟಿಗೆ ಮೇಲೆ ಗನ್ ಸರಿಯಾಗಿ ಹೇಳುತ್ತದೆ. ಹೊಳೆಯುವ ಸ್ಟೀಲಿಗೆ ಹಿಡಿದರೆ ನಿಜಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಯಾರಾದರೂ ಮನೆಯಲ್ಲಿ ಪ್ರಯತ್ನಿಸುವವರಿದ್ದರೆ ಇದು ನೆನಪಿರಲಿ.

ಅಳತೆಗೋಲು ಯಾವುದು ಅನ್ನೋದು ಮೊದಲ ಪ್ರಶ್ನೆ. ನೇಪಲ್ಸ್‌ನಲ್ಲಿ 1984ರಲ್ಲಿ ಹುಟ್ಟಿದ ಪಿಜ್ಜಾ ಸಂಘದ ಮೂಲ ನಿಯಮದಂತೆ ಒಲೆ ಕಟ್ಟಿಗೆಯದು, ಶಾಖ 430ರಿಂದ 485 ಡಿಗ್ರಿ ಸೆಲ್ಸಿಯಸ್, ಬೇಯುವುದು 60ರಿಂದ 90 ಸೆಕೆಂಡು. ಅಲ್ಲಿನ ಪಿಜ್ಜಾ ಮಾಡುವವರ ಕಲೆಯನ್ನು 2017ರಲ್ಲಿ ಯುನೆಸ್ಕೊ ತನ್ನ ಪಟ್ಟಿಗೂ ಸೇರಿಸಿತು. ಆ ಗೋಲು ಹಿಡಿದು ಕೂತರೆ ನಮ್ಮೂರಲ್ಲಿ ಎಲ್ಲರೂ ಫೇಲು. ಇಲ್ಲಿ ಸಿಗುವುದು ಹೆಚ್ಚಾಗಿ ಗ್ಯಾಸಿನ ಇಲ್ಲವೇ ಕರೆಂಟಿನ ಡೆಕ್ ಓವನ್ (ಚಪ್ಪಟೆ ತಳದ ಮೇಲೆ ನೇರ ಇಟ್ಟು ಬೇಯಿಸುವಂಥದ್ದು), ದಮ್ಮು ಕಟ್ಟಿದರೆ 300. ಅದಕ್ಕೇನು, ನ್ಯೂಯಾರ್ಕಿನ ಡೆಕ್ ಓವನ್ ಪಿಜ್ಜಾ 300ರ ಆಸುಪಾಸಿನಲ್ಲೇ ಬೇಯುತ್ತದೆ. ಶಾಖ ಕಡಿಮೆ ಇದ್ದರೆ ಹೊತ್ತು ಹೆಚ್ಚು, ಅಂಚು ಮೆತ್ತಗಿನ ಬದಲು ಗರಿ. ಅದರದೇ ಒಂದು ರುಚಿ. ಆದರೆ 200ರಲ್ಲಿ ಬೇಯಿಸಿದ್ದನ್ನು ಮಾತ್ರ ನಾನು ಒಪ್ಪಲಾರೆ: ತಳ ಕೆಂಪಾಗುವಷ್ಟರಲ್ಲಿ ಒಳಗಿನ ನೀರೆಲ್ಲ ಆರಿ ಬೇಸ್ ಟೋಸ್ಟ್ ಆಗಿರುತ್ತದೆ.

ಏಪ್ರಿಲ್

ದೊಡ್ಡ ಚೈನುಗಳನ್ನು ಪಟ್ಟಿಯಿಂದ ಕೈಬಿಟ್ಟೆ. ಡಾಮಿನೋಸ್, ಪಿಜ್ಜಾ ಹಟ್ ಎರಡೂ ಭಾರತಕ್ಕೆ ಬಂದದ್ದು 1996ರಲ್ಲಿ, ಪಿಜ್ಜಾ ಹಟ್‌ನ ಮೊದಲ ಅಂಗಡಿ ಬೆಂಗಳೂರಿನಲ್ಲೇ. ಎಲ್ಲಿ ಹೋದರೂ ಒಂದೇ ರುಚಿ ಕೊಡೋದು ಅವರ ಕಸುಬು, ಅದನ್ನವರು ಮಾಡುತ್ತಾರೆ. ಹುಡುಕುವುದಕ್ಕೆ ಅಲ್ಲೇನೂ ಉಳಿದಿಲ್ಲ.

ಆರ್‌ಪಿಡಿ ಕಾಲೇಜಿನ ಸುತ್ತಮುತ್ತಲ ಗಾಡಿ ಪಿಜ್ಜಾ ಬೇರೆಯೇ ಜಾತಿ. ಬೇಕರಿಯಲ್ಲಿ ಮೊದಲೇ ಬೇಯಿಸಿ ಪ್ಯಾಕೆಟ್ ಮಾಡಿದ ಬೇಸ್, ಮೇಲೆ ಕೆಚಪ್, ಉಳ್ಳಾಗಡ್ಡಿ, ಎಲೆಕೋಸು, ತುರಿದ ಅಮುಲ್ ಕ್ಯೂಬ್; ತವಾ ಮೇಲೆ ಇಟ್ಟು ಮುಚ್ಚಳ ಮುಚ್ಚಿದರೆ ಮುಗಿಯಿತು. ಚೀಸ್ ಎಳೆ ಎಳೆಯಾಗಿ ಬರೋದಿಲ್ಲ, ಯಾಕಂದರೆ ಪ್ರೊಸೆಸ್ಡ್ ಚೀಸಿಗೆ ಹಾಕುವ ಲವಣಗಳು ಅದನ್ನು ನುಣ್ಣಗೆ ಕರಗುವಂತೆ ಮಾಡಿರುತ್ತವೆ. ಇದೂ ಪಿಜ್ಜಾನಾ ಅಂತ ಮೂಗು ಮುರಿಯೋರಿದ್ದಾರೆ. ನನಗೆ ಅದು ಸಂಜೆ ಆರರ ಹಸಿವಿಗೆ ಹೇಳಿ ಮಾಡಿಸಿದ್ದು. ಅಂಕ ಮಾತ್ರ ಕೊಡಲಿಲ್ಲ, ಅದು ಈ ಪರೀಕ್ಷೆಗೆ ಕೂತೇ ಇಲ್ಲ.

ಟಿಳಕವಾಡಿಯ ಒಂದು ಕಡೆ ಸಿಟ್ಟು ಬಂತು. ಹೆಸರು ಬೇಡ. ಬೋರ್ಡು ದೊಡ್ಡದು, ರೇಟು ಅದಕ್ಕಿಂತ ದೊಡ್ಡದು. ಚೀಸ್ ಮೇಲೆ ಒಂದೇ ಒಂದು ಕಂದು ಚುಕ್ಕೆ ಇಲ್ಲ, ಸ್ವಲ್ಪ ತಣ್ಣಗಾಗುತ್ತಲೇ ಇಡೀ ಪದರ ಬೇಸಿನಿಂದ ಎದ್ದು ಕೈಗೆ ಬಂತು. ಅವರು ಏನು ಬಳಸುತ್ತಾರೋ ಅವರಿಗೇ ಗೊತ್ತು. ಒಟ್ಟಿನಲ್ಲಿ, ಪ್ಯಾಕೆಟ್ ಮೇಲೆ ಅನಲಾಗ್ ಅಂತ ಬರೆದಿದ್ದರೆ ಅದರಲ್ಲಿ ಹಾಲಿನ ಕೊಬ್ಬಿನ ಜಾಗಕ್ಕೆ ತಾಳೆ ಎಣ್ಣೆಯಂಥದ್ದು ಬಂದಿದೆ ಎಂದೇ ಲೆಕ್ಕ. ಕೇಳಿ ತಿನ್ನಿ.

ಮೇ

ಈ ತಿಂಗಳ ಲಾಭ ದೊಡ್ಡದು. ಕ್ಯಾಂಪಿನ ಕಡೆ ಒಂದು ಹಳೆಯ ಬೇಕರಿ, ಹಿಂದೆ ಇಟ್ಟಿಗೆಯ ಭಟ್ಟಿ. ಬೆಳಗಿನ ಜಾವ ಪಾವ್‌ಗೆ ಅಂತ ಕಟ್ಟಿಗೆ ಹಾಕುತ್ತಾರೆ, ಸಂಜೆ ಇನ್ನೊಮ್ಮೆ ಸ್ವಲ್ಪ ಉರಿ ಕೊಟ್ಟು, ಕೆಂಡ ಒಂದು ಮಗ್ಗುಲಿಗೆ ಸರಿಸಿ ಪಿಜ್ಜಾ. ಬೋರ್ಡಿನಲ್ಲಿ ಪಿಜ್ಜಾ ಅಂತ ಬರೆದೂ ಇಲ್ಲ, ಕೇಳಿದವರಿಗೆ ಮಾತ್ರ.

ಗನ್ ತೆಗೆದಾಗ ಭಟ್ಟಿ ನೋಡಿಕೊಳ್ಳುವ ಕಾಕಾ ನಕ್ಕರು. "ಅದ್ಯಾಕ ಬೇಕ್ರೀ ಸಾಹೇಬ್ರ, ಇಲ್ನೋಡ್ರಿ" ಅಂತ ಒಂದು ಚಿಟಿಕೆ ಮೈದಾ ಇಟ್ಟಿಗೆ ಮೇಲೆ ಎಸೆದರು. ಹಿಟ್ಟು ಬಿದ್ದಲ್ಲೇ ಹಳದಿಯಾಗಿ, ಕಂದಾಗಿ, ಅಂಚು ಕಪ್ಪಾಯಿತು. "ಈಗ ಭಾಳ ಕಾದೈತಿ. ತಡೀರಿ." ಗೋಣಿತಟ್ಟು ನೀರಲ್ಲಿ ಅದ್ದಿ, ಕೋಲಿಗೆ ಸುತ್ತಿ ನೆಲ ಒರೆಸಿದರು. ಚುಂಯ್ ಅಂತ ಹಬೆ. ಮತ್ತೆ ಒಂದು ಚಿಟಿಕೆ. ಈ ಸಲ ಹಿಟ್ಟು ನಿಧಾನಕ್ಕೆ ಕಂದಾಯಿತು, ಕಪ್ಪಾಗಲಿಲ್ಲ. ಆಗ ಗನ್ ಹಿಡಿದೆ: ಒಳಗಡೆ 340, ಬಾಯಿಯ ಹತ್ತಿರ 290. ಇಬ್ಬರ ಲೆಕ್ಕವೂ ತಾಳೆ ಬಿತ್ತು.

ನನ್ನ ಹೆಂಡತಿಗೆ ಸಾಕಾಗಿತ್ತು. "ನೀವು ತಿನ್ನಾಕ ಬಂದೀರೋ, ಇನ್‌ಸ್ಪೆಕ್ಷನ್‌ಗೆ ಬಂದೀರೋ?"

ಎರಡೂವರೆ ನಿಮಿಷದಲ್ಲಿ ಪಿಜ್ಜಾ ಹೊರಬಂತು. ತಳದಲ್ಲಿ ಜೋಳದ ರೊಟ್ಟಿಯ ಹಾಗೆ ಅಲ್ಲಲ್ಲಿ ಕಪ್ಪು ಚುಕ್ಕೆ, ನಡುವೆ ಕೆಂಪು. ಅಂಚು ಮುರಿದರೆ ಒಳಗೆ ದೊಡ್ಡ ದೊಡ್ಡ ಗುಳ್ಳೆ. ಹಿಟ್ಟು ಹಿಂದಿನ ರಾತ್ರಿಯೇ ನಾದಿ, ಚೂರೇ ಚೂರು ಯೀಸ್ಟ್ ಹಾಕಿ ಫ್ರಿಜ್‌ನಲ್ಲಿ ಇಟ್ಟದ್ದಂತೆ. ಎರಡು ಗಂಟೆಯಲ್ಲಿ ಉಬ್ಬಿಸಿದ ಹಿಟ್ಟಿಗೂ ರಾತ್ರಿಯಿಡೀ ಹುದುಗಿದ ಹಿಟ್ಟಿಗೂ ಇರುವ ವ್ಯತ್ಯಾಸ ಬರೀ ಉಬ್ಬಿನದಲ್ಲ. ಆ ಹೊತ್ತಿನಲ್ಲಿ ಪಿಷ್ಟ ಒಡೆದು ಸಕ್ಕರೆಯಾಗುತ್ತದೆ, ಅದೇ ಮುಂದೆ ಭಟ್ಟಿಯಲ್ಲಿ ಬಣ್ಣ, ಪರಿಮಳ ಆಗೋದು. ನಮ್ಮ ಸಾಧಾರಣ ಮೈದಾದಲ್ಲೇ ಇದು ಬಂತು ಅನ್ನೋದು ನನಗೆ ಮುಖ್ಯ. ಇಟಲಿಯ ಹಿಟ್ಟಿನ ಹೆಸರು ಹೇಳಿ ದುಪ್ಪಟ್ಟು ಬಿಲ್ ಮಾಡುವವರು ಒಮ್ಮೆ ಕ್ಯಾಂಪಿಗೆ ಹೋಗಿ ಬರಲಿ.

ಕೊರತೆ ಇಲ್ಲ ಅಂತಲ್ಲ. ಸಾಸ್ ಸಿಹಿ, ಅದೂ ತುಸು ಜಾಸ್ತಿಯೇ ಸಿಹಿ. ಹೇಳಿದ್ದಕ್ಕೆ "ಕುಂದಾ ತಿನ್ನೂ ಊರ್ರೀ ಇದು" ಅಂದರು, ನಾನು ಸುಮ್ಮನಾದೆ. ಮೇಲೆ ಹಾಕುವ ಎಲೆ ಮಾತ್ರ ಹಿತ್ತಲಿನ ಕಾಮಕಸ್ತೂರಿ, ಭಟ್ಟಿಯಿಂದ ತೆಗೆದ ಮೇಲೆ ಹರಿದು ಹಾಕಿದ್ದು. ಒಣ ಒರೆಗಾನೊ ಪುಡಿಕೆ ಕೇಳಲು ಮನಸ್ಸೇ ಬರಲಿಲ್ಲ.

ಜುಲೈ

ಮಳೆ ಹಿಡಿದಿದೆ, ಸುತ್ತಾಟ ಕಡಿಮೆ. ಕ್ಯಾಂಪಿಗೆ ಮತ್ತೆ ಹೋದಾಗ ಬೇಸ್ ಸ್ವಲ್ಪ ಜಿಗುಟು. ಈ ತೇವಕ್ಕೆ ಮೈದಾ ತಾನೇ ನೀರು ಹೀರಿರುತ್ತದೆ, ಕಟ್ಟಿಗೆಯೂ ಹಸಿ. ಕಾಕಾ ನೀರು ಕಡಿಮೆ ಮಾಡಿದ್ದೇವೆ ಅಂದರು. ಇನ್ನೂ ಕಡಿಮೆ ಮಾಡಬೇಕು ಅಂತ ನನ್ನ ಅನಿಸಿಕೆ.

ಹಿಂದವಾಡಿಯಲ್ಲಿ ಹೊಸ ಹುಡುಗರ ಕೆಫೆ. ಕರೆಂಟಿನ ಡೆಕ್ ಓವನ್, ಒಳಗೆ ಕಲ್ಲು, ಎರಡು ದಿನ ಫ್ರಿಜ್‌ನಲ್ಲಿಟ್ಟ ಹಿಟ್ಟು. ಮಂಗಳವಾರ ಸಂಜೆ ಹೋದಾಗ ಕಲ್ಲು 295. ತಳ ಚೆನ್ನಾಗಿ ಕೆಂಪಗೆ, ಸಾಸ್ ಹುಳಿ-ಉಪ್ಪು ಹದವಾಗಿ. ಸಾಸ್‌ನಲ್ಲಿ ಊರಿಗೇ ಮೊದಲ ನಂಬರ್ ಇವರಿಗೇ. ಶನಿವಾರ ಅದೇ ಅಂಗಡಿ, ಅದೇ ಹುಡುಗ, ತಳ ಬಿಳಿಚಿಕೊಂಡಿತ್ತು. ಕಲ್ಲು 230ಕ್ಕೆ ಇಳಿದಿತ್ತು. ಡಿಸ್‌ಪ್ಲೇ ಮಾತ್ರ 300 ಅಂತಲೇ ತೋರಿಸುತ್ತಿತ್ತು, ಯಾಕಂದರೆ ಅದು ಅಳೆಯೋದು ಒಳಗಿನ ಗಾಳಿಯನ್ನ. ಒಂದರ ಹಿಂದೊಂದು ತಣ್ಣನೆ ಹಿಟ್ಟು ಇಡುತ್ತ ಹೋದರೆ ಕಲ್ಲು ಶಾಖ ಕಳೆದುಕೊಳ್ಳುತ್ತದೆ, ಮತ್ತೆ ಕಾಯಲು ಅದಕ್ಕೆ ಪುರುಸೊತ್ತೇ ಸಿಗೋದಿಲ್ಲ. ಹುಡುಗನಿಗೆ ರೀಡಿಂಗ್ ತೋರಿಸಿದೆ. "ಅಣ್ಣಾ, ಇದನ್ನ ಎಲ್ಲಿ ತಗೊಂಡ್ರಿ?" ಅಂತ ಗನ್ನಿನ ಫೋಟೊ ಹೊಡೆದುಕೊಂಡ. ದಪ್ಪ ಕಲ್ಲು ಹಾಕಿಸಪ್ಪ, ಗದ್ದಲ ಇದ್ದಾಗ ನಡುನಡುವೆ ಐದು ನಿಮಿಷ ಬಿಡು ಅಂದೆ. ಐದು ನಿಮಿಷ ಬಿಟ್ಟರೆ ಗಿರಾಕಿ ಬಿಡ್ತಾರೆ ಅಂದ. ಅದೂ ಖರೆ.

ಹೀಗಾಗಿ ಸದ್ಯಕ್ಕೆ ಕ್ಯಾಂಪಿನ ಭಟ್ಟಿ ಮೇಲೆ, ಹಿಂದವಾಡಿ ಅದರ ಬೆನ್ನಿಗೇ. ಆದರೆ ಹಿಂದವಾಡಿಗೆ ಹೋಗೋರು ವಾರದ ನಡುವೆ, ಏಳು ಗಂಟೆಗೆ ಮೊದಲು ಹೋಗಿ. ಶಹಾಪುರ, ವಡಗಾಂವ ಇನ್ನೂ ನೋಡಿಲ್ಲ. ಖಾನಾಪುರ ರಸ್ತೆಯಲ್ಲಿ ಯಾರೋ ಮಣ್ಣಿನ ಒಲೆ ಕಟ್ಟಿದ್ದಾರೆ ಅಂತ ಸುದ್ದಿ ಇದೆ, ಮಳೆ ಸ್ವಲ್ಪ ಹೊಳವಾದ ಮೇಲೆ ಮೊದಲು ಅಲ್ಲಿಗೆ. ಗನ್ನಿನ ಸೆಲ್ ಬದಲಿಸಬೇಕು.