ಒಂದು ಗೋಡೆ ಪೂರ್ತಿ

ಬೀದರ್‌ನ ಹೊಸ ಬಡಾವಣೆಗಳಲ್ಲಿ ಯಾವ ಮನೆಯ ಮಾಳಿಗೆ ಹತ್ತಿದರೂ ಮೂಲೆಮೂಲೆಗೆ ಕಾಲಂ ಕಂಬಿಗಳು ಎರಡು ಮೂರು ಅಡಿ ಹೊರಗೆ ನಿಂತಿರುತ್ತವೆ. ಮಗನಿಗೆ ನೌಕರಿ ಸಿಕ್ಕ ಮೇಲೆ, ಇಲ್ಲವೇ ಸೋಯಾಕ್ಕೆ ಒಳ್ಳೆಯ ದರ ಬಂದ ವರ್ಷ ಎತ್ತೋಣವೆಂದುಕೊಂಡ ಮೇಲಂತಸ್ತಿಗೆ ಬಿಟ್ಟ ಕಂಬಿಗಳು ಅವು. ಬಹಳಷ್ಟು ಮನೆಗಳಲ್ಲಿ ಆ ಅಂತಸ್ತು ಏಳುವುದೇ ಇಲ್ಲ. ಕಂಬಿ ತುಕ್ಕು ಹಿಡಿಯುತ್ತದೆ, ಅದಕ್ಕೆ ಬಟ್ಟೆ ಒಣಹಾಕುವ ತಂತಿ ಬಿಗಿಯುತ್ತಾರೆ, ಅಲ್ಲಿಗೆ ಮುಗಿಯಿತು. ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ವಿದ್ಯಾರ್ಥಿಗಳಿಗೆ ಪಾಠ ಮಾಡುವ ನನಗೆ ಇದು ದಿನವೂ ಕಣ್ಣಿಗೆ ಚುಚ್ಚುತ್ತದೆ. ವರ್ಷಗಟ್ಟಲೆ ಮಳೆ ಬಿಸಿಲಿಗೆ ಬಿದ್ದ ಕಂಬಿಗೆ ಹೊಸ ಕಂಬಿ ಕಟ್ಟಿ ಕಾಂಕ್ರೀಟ್ ಸುರಿದರೆ ಆ ಜೋಡಣೆಯನ್ನು ಯಾರು ನಂಬಬೇಕು?

ಆದ್ದರಿಂದ 1882ರಲ್ಲಿ ಅಡಿಗಲ್ಲು ಬಿದ್ದ ಚರ್ಚ್ ಒಂದರ ಮೇಲೆ ಇಂದಿಗೂ ಕಲ್ಲು ಏರುತ್ತಿದೆ ಎಂದು ಓದಿದಾಗ ನನಗೆ ಭಕ್ತಿಗಿಂತ ಮೊದಲು ಬಂದದ್ದು ಅನುಮಾನ. ಅಜ್ಜ ಬಿಟ್ಟ ಕೆಲಸಕ್ಕೆ ಮೊಮ್ಮಗ ಕೈ ಹಾಕುವುದು ಹೇಗೆ? ನಾನು ಗೌಂಡಿಯ ಮಗಳು, ಅನುಮಾನ ಮನೆತನದ್ದು.

ಸ್ಪೇನ್ ದೇಶದ ಬಾರ್ಸಿಲೋನಾದಲ್ಲಿರುವ ಸಗ್ರಾಡಾ ಫ್ಯಾಮಿಲಿಯಾದ ಮಾತು ಇದು. 2025ರ ಅಕ್ಟೋಬರ್ 30ರಂದು ಅದರ ನಡುಗೋಪುರದ ಮೇಲೆ ಶಿಲುಬೆಯ ಕೆಳಗಿನ ತುಂಡನ್ನು ಕೂರಿಸಿದರು. ಆ ಗಳಿಗೆಗೆ ಚರ್ಚಿನ ಎತ್ತರ 162.91 ಮೀಟರ್ ಆಯಿತು. ಜರ್ಮನಿಯ ಉಲ್ಮ್ ಚರ್ಚಿನ 161.53 ಮೀಟರ್ ಹಿಂದೆ ಬಿದ್ದು, ಜಗತ್ತಿನ ಅತಿ ಎತ್ತರದ ಚರ್ಚ್ ಎಂಬ ಪಟ್ಟ ಬಾರ್ಸಿಲೋನಾಕ್ಕೆ ಬಂತು. ಪೂರ್ತಿ ಶಿಲುಬೆಯ ಸಮೇತ ಲೆಕ್ಕ ಹಾಕಿದ ಎತ್ತರ 172.5 ಮೀಟರ್. ನಾನು ಆ ವಿಡಿಯೊವನ್ನು ಮೊಬೈಲ್‌ನಲ್ಲಿ ಅಪ್ಪನಿಗೆ ತೋರಿಸಿದೆ. ಅಪ್ಪ ಶಿಲುಬೆಯನ್ನು ನೋಡಲಿಲ್ಲ, ಕ್ರೇನಿನ ಕೊಕ್ಕೆಯನ್ನು ನೋಡಿದ. "ಗಾಳಿ ಇದ್ದರೆ ಎತ್ತುವುದಿಲ್ಲ ತಾನೇ?" ಎಂದು ಕೇಳಿದ. ಆಮೇಲೆ, "ಮೊದಲ ಗೌಂಡಿ ಯಾರು?"

ಮೊದಲ ವಾಸ್ತುಶಿಲ್ಪಿ ಫ್ರಾನ್ಸಿಸ್ಕೊ ಡೆ ಪೌಲಾ ಡೆಲ್ ವಿಯಾರ್. ಚರ್ಚ್ ಕಟ್ಟಬೇಕೆಂಬ ಆಸೆ ಹೊತ್ತವನು ಬೊಕಾಬೆಯಾ ಎಂಬ ಪುಸ್ತಕ ವ್ಯಾಪಾರಿ. ಒಂದೇ ವರ್ಷದಲ್ಲಿ ಜಗಳವಾಗಿ ವಿಯಾರ್ ಬಿಟ್ಟು ಹೋದ. 1883ರಲ್ಲಿ ಮೂವತ್ತೊಂದು ವರ್ಷದ ಆಂಟೋನಿ ಗೌಡಿ ಆ ಜಾಗಕ್ಕೆ ಬಂದ, 1926ರಲ್ಲಿ ಸಾಯುವವರೆಗೂ ಬಿಡಲಿಲ್ಲ. (ಅಪ್ಪನ ಬಾಯಲ್ಲಿ ಆತ ಮೊದಲ ದಿನದಿಂದ ‘ಗೌಂಡಿ’ಯೇ. ನಾನೂ ತಿದ್ದಲು ಹೋಗಲಿಲ್ಲ.)

ಇಷ್ಟು ತಡವಾಗಿದ್ದಕ್ಕೆ ತಾಳ್ಮೆ, ತಪಸ್ಸು ಎಂದೆಲ್ಲ ಬರೆಯುತ್ತಾರೆ. "ನನ್ನ ಯಜಮಾನನಿಗೆ ಅವಸರವಿಲ್ಲ" ಎಂದು ದೇವರನ್ನು ಉದ್ದೇಶಿಸಿ ಗೌಡಿ ಹೇಳುತ್ತಿದ್ದನಂತೆ. ಮಾತು ಚೆನ್ನಾಗಿದೆ. ಆದರೆ ಅಸಲಿ ಕಾರಣ ದುಡ್ಡು. ಅದು ಪ್ರಾಯಶ್ಚಿತ್ತದ ಹರಕೆಯ ಚರ್ಚ್. ಕಾಣಿಕೆಯ ಹಣದಿಂದಲೇ ಏಳಬೇಕೆಂಬುದು ಮೊದಲಿನಿಂದ ಇರುವ ಕಟ್ಟಳೆ. ಕಾಣಿಕೆ ಬಂದಷ್ಟು ಕೆಲಸ, ನಿಂತರೆ ಕೆಲಸವೂ ನಿಂತಂತೆ. ಕೊನೆಗಾಲದಲ್ಲಿ ಗೌಡಿ ತಾನೇ ಮನೆಮನೆಗೆ ಹೋಗಿ ಕೈ ಚಾಚಿದ. ಈಗ ಆ ಪಾತ್ರ ಟಿಕೆಟ್ಟಿನದು: ವರ್ಷಕ್ಕೆ ನಲವತ್ತು ಲಕ್ಷಕ್ಕೂ ಹೆಚ್ಚು ಮಂದಿ ನೋಡಲು ಬರುತ್ತಾರೆ. 2020ರಲ್ಲಿ ಕೊರೊನಾ ಬಂದು ಪ್ರವಾಸಿಗರು ನಿಂತಾಗ ಕ್ರೇನುಗಳೂ ನಿಂತವು. ಗೌಡಿಯ ನೂರನೇ ಪುಣ್ಯತಿಥಿಯಾದ 2026ಕ್ಕೆ ಎಲ್ಲವನ್ನೂ ಮುಗಿಸುವ ಗಡುವು ತಪ್ಪಿದ್ದು ಹಾಗೆ.

ಕಾಣಿಕೆಯ ಕಟ್ಟಡ ಎಂದರೆ ಏನು ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮದು ಮೆಥೋಡಿಸ್ಟ್ ಸಭೆ. ಹುಮನಾಬಾದ್ ಕಡೆಯ ನಮ್ಮ ಊರಿನ ಚರ್ಚಿನ ಹಣವೆಲ್ಲ ಸುಗ್ಗಿ ಹಬ್ಬದ ಹರಾಜಿನಿಂದ ಬಂದದ್ದು. ತೊಗರಿ, ಉದ್ದು, ಜೋಳ, ಕೋಳಿ, ಕುಂಬಳಕಾಯಿ ಎಲ್ಲವನ್ನೂ ವೇದಿಕೆಯ ಮುಂದೆ ತಂದು ಇಡುತ್ತಾರೆ, ಸಭಾಪಾಲಕರು ಪ್ರಾರ್ಥನೆ ಮಾಡುತ್ತಾರೆ, ಆಮೇಲೆ ಕೂಗು ಶುರು. ಕುಂಬಳಕಾಯಿಯನ್ನು ಕೊಂಡವನೇ ಮತ್ತೆ ಸಭೆಗೆ ಕೊಟ್ಟುಬಿಡುತ್ತಾನೆ, ಅದು ಮತ್ತೊಮ್ಮೆ ಹರಾಜಾಗುತ್ತದೆ. ಒಂದೇ ಕಾಯಿ ಮೂರು ಸಲ ಮಾರಾಟವಾದದ್ದನ್ನು ಕಂಡು ಚಿಕ್ಕವಳಿದ್ದಾಗ ನನಗೆ ಅಚ್ಚರಿ. ಆ ದುಡ್ಡಿನಿಂದ ಅಪ್ಪ ಮತ್ತು ಅವನ ಜೊತೆಯವರು ಪದ್ಧತಿಯಂತೆ ಸುತ್ತ ಪಾಯ ತೆಗೆದು, ನಾಲ್ಕೂ ಕಡೆ ಸಮನಾಗಿ ಎತ್ತಿಕೊಂಡು ಬಂದರು. ನೆಲಮಟ್ಟ ದಾಟಿದ ಕೂಡಲೇ ಹಣ ಮುಗಿಯಿತು. ಎಷ್ಟೋ ವರ್ಷ ಆ ಪಾಯದೊಳಗೆ ಆಡು ಮೇಯುತ್ತಿದ್ದವು, ಮದುವೆ ಬಂದರೆ ಅಲ್ಲಿಯೇ ಶಾಮಿಯಾನ ಹಾಕುತ್ತಿದ್ದರು. ಹೊಸದಾಗಿ ಸಭೆಗೆ ಬಂದವರಿಗೆ ಇದು ಚರ್ಚಾಗುತ್ತದೆ ಎಂದು ಬಾಯಿಂದ ಹೇಳಿದರೆ ಮಾತ್ರ ಗೊತ್ತಾಗುತ್ತಿತ್ತು.

ಗೌಡಿ ಮಾಡಿದ್ದು ಇದಕ್ಕೆ ತಿರುವುಮುರುವು. ತನ್ನ ಜೀವಮಾನದಲ್ಲಿ ಇದು ಮುಗಿಯುವುದಿಲ್ಲ ಎಂದು ಅವನಿಗೆ ಖಾತ್ರಿಯಿತ್ತು. ಆದರೂ ಸುತ್ತಲೂ ಅಷ್ಟಿಷ್ಟು ಎತ್ತಲಿಲ್ಲ. ಯೇಸುವಿನ ಜನನವನ್ನು ತೋರಿಸುವ ಪೂರ್ವದಿಕ್ಕಿನ ಮುಖವೊಂದನ್ನೇ ಹಿಡಿದು, ಎಲೆ, ಹಕ್ಕಿ, ಆಮೆ, ದೇವದೂತರ ಸಮೇತ ಮೇಲಕ್ಕೆ ಒಯ್ದ. ಹಿಂಬದಿಯ ಗೋಡೆಯೊಂದನ್ನು ಬಿಟ್ಟರೆ ಉಳಿದ ಕಡೆ ಬಯಲು. ಮುಂದಿನವರು ಈ ಗೋಡೆಯನ್ನು ನೋಡಿದ ಮೇಲೆ ಕೈಬಿಡಲಾರರು ಎಂಬುದು ಅವನ ಲೆಕ್ಕ. ಆ ಮುಖದ ನಾಲ್ಕು ಗಂಟೆಗೋಪುರಗಳಲ್ಲಿ ಬಾರ್ನಬನ ಹೆಸರಿನದು 1925ರಲ್ಲಿ ಮುಗಿಯಿತು. ಅವನು ಕಣ್ಣಾರೆ ಕಂಡದ್ದು ಅದೊಂದನ್ನೇ. ಮರುವರ್ಷ ಜೂನ್ 7ರಂದು ಟ್ರಾಮ್ ಬಡಿಯಿತು. ಹಳೆಯ ಬಟ್ಟೆ ನೋಡಿ ಭಿಕ್ಷುಕನೆಂದುಕೊಂಡರು. ಜೂನ್ 10ಕ್ಕೆ ತೀರಿಕೊಂಡ. ಆ ಚರ್ಚಿನ ನೆಲಮಾಳಿಗೆಯಲ್ಲಿಯೇ ಅವನ ಸಮಾಧಿ ಇದೆ.

ಅಪ್ಪ ಇದನ್ನು ಒಪ್ಪಲಿಲ್ಲ. "ಒಂದೇ ಕಡೆ ಭಾರ ಹಾಕಿದರೆ ನೆಲ ಒಂದೇ ಕಡೆ ಕೂರುತ್ತದೆ, ಅವ್ವಾ. ಆಮೇಲೆ ಬಂದು ಸೇರುವ ಗೋಡೆಗೂ ಇದಕ್ಕೂ ನಡುವೆ ಬಿರುಕು ಬಿಡದೆ ಇರುತ್ತದೆಯೇ?" ಎಂದ. ನಾನು ತರಗತಿಯಲ್ಲಿ ಹೇಳುವುದೂ ಅದನ್ನೇ. ಎಂಜಿನಿಯರಿಂಗ್ ಲೆಕ್ಕದಲ್ಲಿ ಅಪ್ಪ ಸರಿ. ಆದರೆ ಚಂದಾ ಎತ್ತುವ ಲೆಕ್ಕದಲ್ಲಿ ಗೌಡಿಯೇ ಸರಿ ಎಂದು ನನ್ನ ತೀರ್ಮಾನ. ಪಾಯ ತೋರಿಸಿ ಹಣ ಕೇಳಿದರೆ ಜನ ನಾಳೆ ಬಾ ಎನ್ನುತ್ತಾರೆ. ಒಂದು ಗೋಡೆ ಪೂರ್ತಿ ತೋರಿಸಿದರೆ ನಾಚಿಕೆಗಾದರೂ ಜೇಬಿಗೆ ಕೈ ಹಾಕುತ್ತಾರೆ.

ನನಗೆ ನಿಜಕ್ಕೂ ಬೆರಗು ಹುಟ್ಟಿಸಿದ್ದು 1936ರ ನಂತರದ ಕತೆ. ಆ ವರ್ಷದ ಜುಲೈಯಲ್ಲಿ ಅಂತರ್ಯುದ್ಧ ಹೊತ್ತಿಕೊಂಡಾಗ ಗಲಭೆಕೋರರು ನೆಲಮಾಳಿಗೆಗೆ ಬೆಂಕಿ ಇಟ್ಟರು, ಗೌಡಿಯ ಕಾರ್ಯಾಗಾರವನ್ನು ಸುಟ್ಟರು. ನಕ್ಷೆಗಳು ಬೂದಿಯಾದವು. ಗೌಡಿ ಕಾಗದಕ್ಕಿಂತ ಹೆಚ್ಚಾಗಿ ಪ್ಲಾಸ್ಟರಿನ ಮಾದರಿಗಳನ್ನು ನಂಬಿದವನು, ಅವು ಚೂರುಚೂರಾದವು. ಕೆಲಸ ಕಲಿಸಿದವನು ಇಲ್ಲ, ನಕ್ಷೆಯೂ ಇಲ್ಲ, ಮಾದರಿ ಒಂದು ರಾಶಿ ಪುಡಿ. ಮುಂದೆ ಕಟ್ಟುವುದು ಹೇಗೆ?

ತರಗತಿಯಲ್ಲಿ ಇದನ್ನು ನಾನು ಪೊರಕೆಕಡ್ಡಿಯಿಂದ ತೋರಿಸುತ್ತೇನೆ. ಒಂದು ಹಿಡಿ ನೇರ ಕಡ್ಡಿ ತೆಗೆದುಕೊಂಡು ನಡುವೆ ರಬ್ಬರ್ ಬ್ಯಾಂಡ್ ಹಾಕಿ, ಮೇಲಿನ ತುದಿಗಳನ್ನು ಒಂದು ಕಡೆಗೂ ಕೆಳಗಿನ ತುದಿಗಳನ್ನು ಇನ್ನೊಂದು ಕಡೆಗೂ ತಿರುಚಬೇಕು. ನಡು ಸಣ್ಣಗಾಗಿ ಎರಡೂ ತುದಿ ಅರಳಿಕೊಳ್ಳುತ್ತವೆ. ಕಣ್ಣಿಗೆ ಕಾಣುವುದು ಬಾಗಿದ ಮೈ, ಕೈಗೆ ಸಿಗುವುದು ನೇರ ಕಡ್ಡಿ. ಗಣಿತದಲ್ಲಿ ಇದಕ್ಕೆ ಹೈಪರ್ಬೊಲಾಯ್ಡ್ ಎಂಬ ಹೆಸರಿದೆ. ಗೌಡಿ ಕೊನೆಯ ವರ್ಷಗಳಲ್ಲಿ ಚರ್ಚಿನ ಒಳಭಾಗದ ಕಿಟಕಿ, ಚಾವಣಿಗಳನ್ನೆಲ್ಲ ನೇರ ಗೆರೆಗಳಿಂದ ಹುಟ್ಟುವ ಇಂಥ ಮೈಗಳಿಂದಲೇ ಹೆಣೆದಿದ್ದ. ಮನಬಂದಂತೆ ಬಾಗಿಸಿದ ಮೈಯಾಗಿದ್ದರೆ ಒಡೆದ ಚೂರಿನಿಂದ ಏನೂ ತಿಳಿಯುತ್ತಿರಲಿಲ್ಲ. ಇಲ್ಲಿ ಹಾಗಲ್ಲ, ಅಂಗೈಯಗಲದ ಚೂರಿನಲ್ಲಿಯೂ ಗೆರೆಗಳ ಓಟ ಉಳಿದಿರುತ್ತದೆ. ಅದನ್ನು ಹಿಡಿದು ಹಿಂದಕ್ಕೆ ಹೋದರೆ ಪೂರ್ತಿ ಆಕಾರದ ನಡು ಎಲ್ಲಿತ್ತು, ಬಾಯಿ ಎಷ್ಟು ಅಗಲವಿತ್ತು ಎಂದು ಲೆಕ್ಕ ಹಾಕಬಹುದು. ಶಿಷ್ಯರು ಚೂರುಗಳನ್ನು ಕೂಡಿಸಿ ಅಂಟಿಸಿದರು. ನಂತರ ನ್ಯೂಜಿಲೆಂಡ್‌ನ ಮಾರ್ಕ್ ಬರ್ರಿ ಎಂಬ ವಾಸ್ತುಶಿಲ್ಪಿ ಬಂದ. ವಿಮಾನ ವಿನ್ಯಾಸಕ್ಕೆ ಬಳಸುತ್ತಿದ್ದ ಸಾಫ್ಟ್‌ವೇರ್ ತಂದು ಅದೇ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಮಾಡಿದರು.

ಅಪ್ಪ ಪೊರಕೆಕಡ್ಡಿಯ ಕಟ್ಟನ್ನು ತಿರುತಿರುಗಿಸಿ ನೋಡಿ, "ಹಾಗಾದರೆ ದಾರ ಕಟ್ಟಿ ಕಟ್ಟಬಹುದು" ಎಂದ. ಅಷ್ಟೇ ಮಾತು. ಗೌಂಡಿಗೆ ಬೇಕಾದದ್ದು ಎರಡು ಮೊಳೆ ಮತ್ತು ನಡುವೆ ಬಿಗಿದ ದಾರ. ಎಂಥ ಸೊಟ್ಟ ಮೈಯೇ ಇರಲಿ, ಅದರ ಮೇಲೆ ನೇರ ದಾರ ಕೂರುತ್ತದೆ ಎಂದರೆ ಓದುಬರಹ ಬಾರದ ಗೌಂಡಿಯೂ ಅದನ್ನು ಎಬ್ಬಿಸಬಲ್ಲ. ತಾನಿಲ್ಲದ ದಿನಕ್ಕೆ ಗೌಡಿ ಬಿಟ್ಟುಹೋದದ್ದು ಈ ದಾರವನ್ನು. ನಮ್ಮ ಮಾಳಿಗೆಯ ಕಂಬಿಗಿಂತ ಇದು ಎಷ್ಟೋ ಗಟ್ಟಿ, ತುಕ್ಕು ಹಿಡಿಯುವುದಿಲ್ಲ.

ಕಲ್ಲಿನ ವಿಷಯಕ್ಕೆ ಬಂದರೆ ಅಪ್ಪನನ್ನು ನಿಲ್ಲಿಸುವುದು ಕಷ್ಟ. ಬೀದರ್‌ನ ಕೆಂಪು ಜಂಬಿಟ್ಟಿಗೆ, ಶಹಾಬಾದಿನ ಪರ್ಸಿ ಎರಡನ್ನೂ ಜೀವನವಿಡೀ ಹೊತ್ತವನು. ಬಾರ್ಸಿಲೋನಾದಲ್ಲಿ ಮೊದಲು ಬಳಸಿದ್ದು ಪಕ್ಕದ ಮೊಂಜೂಯಿಕ್ ಗುಡ್ಡದ ಮರಳುಗಲ್ಲು. ಆ ಗಣಿ ಬರಿದಾಗಿ ಮುಚ್ಚಿದ ಮೇಲೆ ಬಣ್ಣ, ಗಟ್ಟಿತನ ಹೊಂದುವ ಕಲ್ಲನ್ನು ಹುಡುಕಿ ಇಂಗ್ಲೆಂಡಿನವರೆಗೂ ಹೋದರು. ಒಳಗಿನ ಕಂಬಗಳು ಮೇಲೆ ಹೋಗುತ್ತ ಕೊಂಬೆ ಒಡೆಯುತ್ತವೆ, ಬೇಕೆಂದೇ ವಾಲಿವೆ. ಭಾರ ಹೆಚ್ಚಿದಂತೆ ಕಲ್ಲೂ ಬದಲು: ಮರಳುಗಲ್ಲು, ಗ್ರಾನೈಟ್, ಬಸಾಲ್ಟ್, ಎಲ್ಲಕ್ಕಿಂತ ಭಾರದ ಜಾಗಕ್ಕೆ ಕೆಂಪು ಪಾರ್ಫಿರಿ. ಈಚಿನ ಗೋಪುರಗಳಲ್ಲಿ ಒಂದೊಂದೇ ಕಲ್ಲು ಇಡುವುದಿಲ್ಲ. ಊರ ಹೊರಗೆ ಕಲ್ಲುಗಳನ್ನು ಜೋಡಿಸಿ, ನಡುವೆ ತೂತು ಹಾಯಿಸಿ, ಉಕ್ಕಿನ ಕಂಬಿ ಎಳೆದು ಬಿಗಿದು, ಇಡೀ ಫಲಕವನ್ನೇ ಲಾರಿಯಲ್ಲಿ ತಂದು ಕ್ರೇನಿನಿಂದ ಏರಿಸುತ್ತಾರೆ. "ಹಾಗಾದರೆ ಗೌಂಡಿಗೆ ಕೆಲಸವೇನು?" ಎಂದು ಅಪ್ಪ ಮುಖ ಸಿಂಡರಿಸಿದ. ಎತ್ಸುರೊ ಸೊತೊ ಎಂಬ ಜಪಾನಿ ಶಿಲ್ಪಿ 1978ರಲ್ಲಿ ಅಲ್ಲಿಗೆ ಹೋಗಿ ಕಲ್ಲು ಒಡೆಯುವ ಕೆಲಸ ಕೇಳಿ ಸೇರಿಕೊಂಡು, ಗೌಡಿಯ ಗೋಡೆಗೆ ದೇವದೂತರನ್ನು ಕೆತ್ತಿದ ಎಂದು ಹೇಳಿದ ಮೇಲೆ ಸ್ವಲ್ಪ ಸಮಾಧಾನವಾಯಿತು.

ಇನ್ನೊಂದು ಸಂಗತಿಗೆ ಮಾತ್ರ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಈ ಚರ್ಚಿಗೆ ಕಟ್ಟಡ ಪರವಾನಗಿಯೇ ಇರಲಿಲ್ಲ! 1885ರಲ್ಲಿ ಅರ್ಜಿ ಹಾಕಿದ್ದು ಸಾಂತ್ ಮಾರ್ತಿ ಎಂಬ ಊರಿನ ಆಡಳಿತಕ್ಕೆ. ಆ ಊರು ಮುಂದೆ ಬಾರ್ಸಿಲೋನಾದೊಳಗೆ ಸೇರಿಹೋಯಿತು, ಅರ್ಜಿಗೆ ಉತ್ತರ ಬರಲಿಲ್ಲ. 2019ರಲ್ಲಿ 46 ಲಕ್ಷ ಯೂರೊ ಕಟ್ಟಿಸಿಕೊಂಡು ನಗರಸಭೆ ಪರವಾನಗಿ ಕೊಟ್ಟಿತು. ಪೋಪ್ ಹದಿನಾರನೆಯ ಬೆನೆಡಿಕ್ಟ್ 2010ರ ನವೆಂಬರ್ 7ರಂದು ಬಂದು ಪ್ರತಿಷ್ಠಾಪಿಸಿ ಹೋಗಿದ್ದು ಅನಧಿಕೃತ ಕಟ್ಟಡವನ್ನು. ನಮ್ಮ ತಾಲ್ಲೂಕಿನ ಎಷ್ಟು ಗುಡಿ, ಮಸೀದಿ, ಚರ್ಚುಗಳ ಕಾಗದಪತ್ರ ಸರಿಯಿದೆ ಎಂದು ಯೋಚಿಸಿದರೆ ಬಾರ್ಸಿಲೋನಾದವರು ನಮ್ಮವರೇ ಅನ್ನಿಸುತ್ತದೆ.

ಉಳಿದಿರುವ ದೊಡ್ಡ ಕೆಲಸ ದಕ್ಷಿಣದ ಮಹಿಮೆಯ ಮುಖ. ಅದರ ಮುಂದೆ ರಸ್ತೆ ದಾಟುವಷ್ಟು ದೊಡ್ಡ ಮೆಟ್ಟಿಲು ಬೇಕು ಎನ್ನುತ್ತದೆ ಯೋಜನೆ. ಎದುರಿಗೆ ಜನ ವಾಸವಿರುವ ಕಟ್ಟಡಗಳಿವೆ, ಅವು ಬೀಳಬೇಕಾಗುತ್ತದೆ, ಅಲ್ಲಿಯವರು ಒಪ್ಪುತ್ತಿಲ್ಲ. ನಾನು ಅವರ ಕಡೆ. ರಸ್ತೆ ಅಗಲೀಕರಣಕ್ಕೆಂದು ಗೋಡೆಯ ಮೇಲೆ ಕೆಂಪು ಗುರುತು ಬಿದ್ದ ಮನೆಯಲ್ಲಿ ರಾತ್ರಿ ಹೇಗೆ ನಿದ್ದೆ ಬರುವುದಿಲ್ಲ ಎಂದು ನಮ್ಮ ಓಣಿಯವರನ್ನು ಕೇಳಿದರೆ ಸಾಕು. ಹದಿನೆಂಟು ಗೋಪುರದ ಚರ್ಚಿಗೆ ಮೆಟ್ಟಿಲು ಒಂದಿಷ್ಟು ಕಿರಿದಾದರೆ ಪರಲೋಕದಲ್ಲಿ ಯಾರೂ ಅಳತೆ ಹಿಡಿದು ನಿಂತಿರುವುದಿಲ್ಲ.

ಗೌಡಿಯ ಇನ್ನೊಂದು ಕೆಲಸದ ಬಗ್ಗೆ ಯಾರೂ ಹೆಚ್ಚು ಮಾತನಾಡುವುದಿಲ್ಲ. 1909ರಲ್ಲಿ, ಚರ್ಚಿಗೇ ದುಡ್ಡು ಸಾಲದಿದ್ದ ಕಾಲದಲ್ಲಿ, ಅದೇ ಆವರಣದಲ್ಲಿ ಕೂಲಿಕಾರರ ಮತ್ತು ಸುತ್ತಲಿನ ಬಡವರ ಮಕ್ಕಳಿಗೆ ಸಣ್ಣ ಶಾಲೆ ಕಟ್ಟಿದ. ತೆಳು ಇಟ್ಟಿಗೆಯ ಗೋಡೆ, ಅಲೆಯಂತೆ ಏರಿಳಿಯುವ ಮಾಡು. ಆ ಮಾಡು ಕೂಡ ನೇರ ಗೆರೆಗಳದ್ದೇ, ದಾರ ಕಟ್ಟಿ ಏರಿಸಬಹುದಾದದ್ದು. ಮೂರು ಕೋಣೆ, ಅಗ್ಗದ ಸಾಮಾನು.

ನಮ್ಮ ಊರಿನ ಚರ್ಚಿಗೆ ಈಗ ಸ್ಲ್ಯಾಬ್ ಬಿದ್ದಿದೆ, ಗಿಲಾಯಿಯೂ ಆಗಿದೆ. ಈ ಸುಗ್ಗಿ ಹಬ್ಬದ ಹರಾಜಿನ ಹಣ ಏನು ಮಾಡುವುದು ಎಂದು ಕ್ರಿಸ್‌ಮಸ್ ಮುಗಿದ ಮೇಲೆ ಸಮಿತಿ ಕೂರಲಿದೆ. ಹಿರಿಯರಿಗೆಲ್ಲ ಮುಂದುಗಡೆ ಎತ್ತರದ ಗಂಟೆಗೋಪುರ ಬೇಕಾಗಿದೆ. ಅದಕ್ಕೆ ಬಾರ್ಸಿಲೋನಾದ ವಿಡಿಯೊವನ್ನು ಊರಿಗೆಲ್ಲ ತೋರಿಸಿ ಬಂದವನು ಅಪ್ಪನೇ. ಭಾನುವಾರದ ಶಾಲೆಯ ಮಕ್ಕಳು ಇನ್ನೂ ಬೇವಿನ ಮರದ ಕೆಳಗೆ ಕೂರುತ್ತಿದ್ದಾರೆ, ಹೆಂಗಸರಿಗೆ ಶೌಚಾಲಯವಿಲ್ಲ. ನಾನು ಎರಡು ಕೋಣೆ ಮತ್ತು ಶೌಚಾಲಯದ ಅಂದಾಜು ಪಟ್ಟಿ ಬರೆದು ಇಟ್ಟುಕೊಂಡಿದ್ದೇನೆ, ಮಾಡಿಗೆ 1909ರ ಶಾಲೆಯ ಚಿತ್ರವನ್ನೂ ಲಗತ್ತಿಸಿದ್ದೇನೆ. ಅಪ್ಪ ಪಟ್ಟಿ ನೋಡಿ, "ಸಿಮೆಂಟಿನ ದರ ಹಳೆಯದು ಹಾಕಿದ್ದೀಯ" ಎಂದ. ತಿದ್ದಿದ್ದೇನೆ. ಅವನ ಮತ ಯಾವ ಕಡೆಗೆ ಬೀಳುತ್ತದೆ ಎಂದು ಮಾತ್ರ ಇನ್ನೂ ಬಾಯಿ ಬಿಟ್ಟಿಲ್ಲ.